ಕಾಂಪೌಂಡಿನಾಚೆಯ ಒಲೆ

ಹೊನ್ನಾಳಿ
೧೯ ಏಪ್ರಿಲ್ ೨೦೨೬, ಭಾನುವಾರ

ಮಗಳೇ ಅಕ್ಷಿತಾ,

ಹೊನ್ನಾಳಿಯಿಂದ ನಿನ್ನ ಅತ್ತೆ ಪುಷ್ಪಾವತಿ ಮಾಡುವ ಆಶೀರ್ವಾದಗಳು. ನನ್ನ ಅಕ್ಷರ ನೋಡಿದ ಕೂಡಲೇ ಕವರನ್ನು ಪಕ್ಕಕ್ಕೆ ಎಸೆದುಬಿಡುತ್ತೀಯೇನೋ ಎಂಬ ಭಯಕ್ಕೆ ವಿಳಾಸವನ್ನು ನಿನ್ನ ಮಾವನವರ ಕೈಯಲ್ಲಿ ಬರೆಸಿದ್ದೇನೆ. ಮೊದಲ ಸಾಲಿಗೇ ಒಂದು ಮೋಸ ಒಪ್ಪಿಕೊಂಡೆ. ಇನ್ನು ಮುಂದಕ್ಕೆ ಓದು, ನಿನ್ನ ದಮ್ಮಯ್ಯ.

ನೀನು ಈ ಮನೆಯ ಹೊಸ್ತಿಲು ತುಳಿದು ಹನ್ನೊಂದು ತಿಂಗಳಾಯಿತು. ಚನ್ನಗಿರಿಗೆ ಫೋನ್ ಮಾಡಿದರೆ ಗುರು ಎತ್ತುತ್ತಾನೆ. 'ಅವಳು ಡ್ಯೂಟೀಲಿದಾಳಮ್ಮ' ಅನ್ನುತ್ತಾನೆ. ಬೆಳಗ್ಗೆ ಮಾಡಿದರೂ ಡ್ಯೂಟಿ, ಸಂಜೆ ಮಾಡಿದರೂ ಡ್ಯೂಟಿ. ಇಡೀ ತಾಲ್ಲೂಕಿಗೆ ನೀನೊಬ್ಬಳೇ ನರ್ಸು ಎಂದು ನಂಬಿದವಳ ಹಾಗೆ ನಾನೂ 'ಹೌದಾ, ಪಾಪ' ಎಂದು ಫೋನ್ ಇಡುತ್ತೇನೆ.

ನಿನ್ನೆ ಗುರು ಬಂದಿದ್ದ. ಮೇ ಒಂದರಂದು, ಬುದ್ಧ ಪೂರ್ಣಿಮೆಯ ದಿನ, ಜಗಳೂರಿನಲ್ಲಿ ನಿನ್ನ ತಂದೆಯವರ ಹೆಸರಿನಲ್ಲಿ ಊಟ ಇಟ್ಟುಕೊಂಡಿದ್ದೀಯಂತೆ. ಮಾವ ಬರಲಿ ಅಂದಿದ್ದೀಯಂತೆ. 'ನಾನು?' ಅಂದೆ. ಮೂವತ್ತೆರಡು ವರ್ಷದ ಗಂಡಸು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದವನು ಏಳಲೇ ಇಲ್ಲ. ಬಗ್ಗಿಕೊಂಡೇ ಹೇಳಿದ: 'ಬರಬ್ಯಾಡ ಅಂತ ಅಂದಿಲ್ಲಮ್ಮ. ಬಾ ಅಂತಾನೂ ಅಂದಿಲ್ಲ.'

ಆ ಒಂದು ಮಾತಿಗಾಗಿ ಈ ಕಾಗದ. ನೀನು ಬಾ ಅನ್ನಬೇಕು. ನಾನು ಬರಬೇಕು. ಆ ಊಟದ ಸಾಲಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಕೂತು ನಾಲ್ಕು ತುತ್ತು ತಿಂದು ಎದ್ದು ಬರಬೇಕು. ಹಾಗಾಗದಿದ್ದರೆ ಈ ಜೀವ ಇರುವವರೆಗೂ ಕಳೆದ ವರ್ಷದ ಮೇ ಹನ್ನೊಂದರ ಸಂಜೆಯಲ್ಲೇ ನಾನು ನಿಂತಿರುತ್ತೇನೆ, ಕೈಯಲ್ಲಿ ಇಕ್ಕಳ ಹಿಡಿದುಕೊಂಡು.

ನೀನು ನೋಡಿದ್ದು ಕಡೆಯ ದೃಶ್ಯ ಮಾತ್ರ. ಪರದೆ ಏಳುವ ಮೊದಲು ನಡೆದದ್ದನ್ನು ನಾನು ಹೇಳಬೇಕು.

ಯೋಚನೆ ನಿನ್ನದೇ ಅಲ್ಲವೇ. ನಿಮ್ಮ ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಎರಡೂ ಮನೆಯವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಹಾಕಿಕೊಂಡಿದ್ದೆವು, ದಾವಣಗೆರೆಯ ಹೋಟೆಲಿನಲ್ಲಿ ಕಾಫಿ ಕುಡಿದಿದ್ದೆವು. ಒಟ್ಟಿಗೆ ಕೂತು ಉಂಡಿರಲಿಲ್ಲ. ಹೋಳಿಗೆ ಅಂದರೆ ಯಾರ ಮನೆಯಲ್ಲಿ, ಮುದ್ದೆ ಅಂದರೆ ಯಾವ ಪಾತ್ರೆಯಲ್ಲಿ, ಹೀಗೆ ಪ್ರತಿ ಅಡುಗೆಯ ಹಿಂದೆಯೂ ಯಾರೋ ಒಬ್ಬ ಅಜ್ಜಿ ಕೋಲು ಹಿಡಿದು ನಿಂತಿರುತ್ತಿದ್ದಳು. ಆಗ ನೀನು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದು ಹೇಳಿದೆ: 'ಅತ್ತೆ, ಬರ್ಗರ್ ಮಾಡಾಣ. ಅದುಕ್ಕೆ ನಮ್ಮಜ್ಜೀನೂ ಶಾಸ್ತ್ರ ಹೇಳಿಲ್ಲ, ನಿಮ್ಮಜ್ಜೀನೂ ಹೇಳಿಲ್ಲ. ಬ್ಯಾಸಿಗೆ ಸಂಜೆ ಅಂಗಳದಾಗೆ ಕೆಂಡ ಹಾಕಿ ಎಲ್ರೂ ಸುತ್ತ ನಿಂತ್ಕಂಡು ತಿನ್ನಾದು. ಆಲೂಗಡ್ಡೆ, ಬೀಟ್‌ರೂಟು ಹಾಕಿ ಮಾಡಿದ್ರೆ ಸಾಕು. ಒಂದೇ ಒಲೆ.'

ಒಂದೇ ಒಲೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನಿನ್ನ ಮಾವ ಹುರುಪಿನಿಂದ ತಮ್ಮ ಕಬ್ಬಿಣದ ಅಂಗಡಿಯಿಂದ ಹಳೆಯ ಡ್ರಮ್ ತಂದರು, ವೆಲ್ಡಿಂಗ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿಸಿದರು. ಜಾಲರಿ ಕತ್ತರಿಸಿ ಮೇಲೆ ಕೂರಿಸಿದರು. ಡ್ರಮ್ ಸೀಳಿದರೆ ಎರಡು ಹೋಳಾಗುತ್ತದೆ ನೋಡು. ಇನ್ನೊಂದು ಹೋಳು ಗೋಡೆಗೆ ಒರಗಿ ಸುಮ್ಮನೆ ಇತ್ತು. ಅದರ ಮೇಲೆ ಕಣ್ಣು ಬಿದ್ದದ್ದು ನನ್ನದು. ಯಾರೂ ಕೇಳದ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಸಾರಿಬಿಟ್ಟೆ: ನಮ್ಮ ಬೀಗರು ಬಂದು ನಮಗೋಸ್ಕರ ಸೊಪ್ಪು ಸದೆ ತಿಂದು ಹೋಗಬೇಕೇ? ಅವರಿಗೆ ಅವರ ಊಟ, ನಮಗೆ ನಮ್ಮದು. ಎರಡು ಒಲೆ ಹೂಡುತ್ತೇನೆ. ಮಟನ್ನನ್ನು ನಾನೇ ನನ್ನ ಕೈಯಾರೆ ಮಾಡುತ್ತೇನೆ.

ಎಂಥ ದೊಡ್ಡ ಮನಸ್ಸು ಅಂದರು ಬೀದಿಯವರು. ಅಕ್ಷಿತಾಗೆ ಮಾತ್ರ ಹೇಳಬೇಡಿ, ಬಂದು ನೋಡಿ ಬೆರಗಾಗಲಿ, ಅಂದಿದ್ದೆ. ಯಾವ ಅಜ್ಜಿಯೂ ಶಾಸ್ತ್ರ ಹೇಳದ ತಿಂಡಿಗೆ ಶಾಸ್ತ್ರ ಬರೆದವಳು ನಾನು.

ಗೋವಿನಕೋವಿಯಿಂದ ನಿನ್ನ ಮಾವನ ಅಕ್ಕ ನಿರ್ಮಲಮ್ಮನವರು ಎರಡು ದಿನ ಮೊದಲೇ ಬಂದು ಕೂತಿದ್ದರಲ್ಲ, ಅವರದೊಂದು ಷರತ್ತು. 'ಕಾಂಪೌಂಡಿನ ಆಚೆ ಏನಾರ ಸುಟ್ಕಳ್ರಿ, ನಂದೇನಿಲ್ಲ. ಗಾಳಿ ಈ ಕಡೆ ಬೀಸಿದ್ರೆ ಮಾತ್ರ ನಾನು ಬಸ್ ಹತ್ತಾಕಿ.' ನಿನ್ನ ಮಾವ, 'ಗಾಳಿಗೂ ಒಂದು ನೋಟಿಸ್ ಕೊಡಾಣ ಬಿಡಕ್ಕ' ಅಂದರು. ಪಕ್ಕದ ಖಾಲಿ ಸೈಟಿನಲ್ಲಿ ಜಾಲಿ ಕಡಿಸಿ ಎರಡನೆಯ ಒಲೆ ಇರಿಸಿದೆ. ನೀಲಿ ಟಾರ್ಪಾಲು ಕಟ್ಟಿಸಿದೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ, ಟಾರ್ಪಾಲಿನ ನಾಲ್ಕು ಕಂಬಕ್ಕೂ ಚೆಂಡುಹೂವು ಸುತ್ತಿದೆ. ದೂರದಿಂದ ನೋಡಿದರೆ ಅರಮನೆಯ ಸೀನು. 'ಬೀಗ್ರನ್ನ ಕರೆದು ಸೈಟ್‌ನಾಗೆ ಕುಂಡ್ರಿಸ್ತಿಯೇನೇ?' ಎಂದು ನಿನ್ನ ಮಾವ ಒಮ್ಮೆ ಕೇಳಿದರು. 'ಮಟನ್ನು ಒಳಗೆ ಹೆಂಗೆ ತರಾಕೆ ಆಗ್ತೈತ್ರೀ' ಅಂದೆ. ಅವರು ಯಾವುದನ್ನೂ ಎರಡು ಸಲ ಕೇಳಿದವರಲ್ಲ.

ನಾನು ಯಾರೆಂದು ನಿನಗೆ ಪೂರ್ತಿ ಹೇಳಿಲ್ಲ ಮಗಳೇ. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರ ಮಗಳು ಅಂತ ಗೊತ್ತು. ಕಂಪನಿಯ ಟೆಂಟಿನ ಹಿಂದೆ ಒಂದೇ ದೊಡ್ಡ ಹಂಡೆ ಇತ್ತು. ರಾಜನ ಪಾರ್ಟಿನವನು, ಪರದೆ ಎಳೆಯುವವನು, ಟಿಕೆಟ್ ಹರಿಯುವವನು, ಎಲ್ಲರಿಗೂ ಅದರಲ್ಲೇ. ಭಾನುವಾರ ಖೀಮಾ. ಅರೆಯುವುದು, ಉಂಡೆ ಕಟ್ಟುವುದು ನನ್ನ ಪಾಲಿನ ಕೆಲಸ. ಹೊನ್ನಾಳಿಯ ಕ್ಯಾಂಪಿನಲ್ಲಿ ನಾನು ಬಣ್ಣ ಹಚ್ಚಿದ ನಲವತ್ತು ಪ್ರಯೋಗವನ್ನೂ ಮುಂದಿನ ಸಾಲಿನಲ್ಲಿ ಕೂತು ನೋಡಿದ ನಿನ್ನ ಮಾವ ಪಂಚಾಕ್ಷರಪ್ಪನವರು ನನ್ನನ್ನು ಮದುವೆಯಾದರು. ಅಂದೇ ಮಾಂಸ ಬಿಟ್ಟೆ. ಮಾಂಸ ಬಿಟ್ಟರೂ ಮನೆಯವಳಾಗಲಿಲ್ಲ. ನಿರ್ಮಲಕ್ಕ ನನ್ನ ಊಟದ ತಟ್ಟೆಯ ಅಂಚಿಗೆ ಮೊಳೆಯಿಂದ ತೂತು ಹೊಡೆಸಿದ್ದರು, ಬೇರೆಯವರ ತಟ್ಟೆಯ ಜೊತೆ ಅದಲುಬದಲಾಗಬಾರದು ಅಂತ. ಮೂರು ವರ್ಷ ಆ ತಟ್ಟೆಯಲ್ಲಿ, ಹಿತ್ತಲ ಬಾಗಿಲಲ್ಲಿ ಕೂತು ಉಂಡೆ. ಗುರು ಹುಟ್ಟಿದ ಮೇಲೆ ನನ್ನನ್ನು ಸಾಲಿಗೆ ಕರೆದರು. ಬೇರೆ ಕೂರಿಸುವುದು ಅಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದೇ ನಾನು ನಾಲ್ಕು ಕಂಬಕ್ಕೆ ಚೆಂಡುಹೂವು ಸುತ್ತಿದ್ದು.

ಆ ಭಾನುವಾರ ಬೆಳಗ್ಗೆ ಮೂವತ್ತೈದು ವರ್ಷದ ಮೇಲೆ ಮಟನ್ ಅಂಗಡಿಯ ಮುಂದೆ ನಿಂತೆ. ಸೆರಗು ತಲೆಯ ಮೇಲೆ. ಅಂಗಡಿಯವನು, 'ಅಮ್ಮಾರೇ, ಕಬ್ಬಿಣದಂಗಡಿ ಆ ಕಡೆ ಐತೆ' ಅಂದ. ಖೀಮಾ ಕಟ್ಟು ಅಂದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಹಾಕಿ, ಬಿಲ್ಲೆ ಒಡೆಯದ ಹಾಗೆ ಹುರಿಗಡಲೆ ಪುಡಿ ಸೇರಿಸಿ ನಾದಿದೆ. ಕೈ ಒಂದನ್ನೂ ಮರೆತಿರಲಿಲ್ಲ. ಬಿಲ್ಲೆ ತಟ್ಟಿ, ಕೆಂಡದ ಮೇಲೆ ಉಬ್ಬಬಾರದೆಂದು ಪ್ರತಿಯೊಂದರ ನಡುವೆ ಹೆಬ್ಬೆರಳು ಒತ್ತಿ ಗುಳಿ ಮಾಡಿದೆ. ಒಳಗಿನ ಒಲೆಗೆ ಆಲೂಗಡ್ಡೆ, ಬೀಟ್‌ರೂಟು, ಬೇಯಿಸಿದ ಹೆಸರುಕಾಳು ಕಲಸಿ, ಮಂಡಕ್ಕಿ ಪುಡಿಯಲ್ಲಿ ಹೊರಳಿಸಿಟ್ಟೆ. ಬೇಕರಿಯಿಂದ ಮೂವತ್ತು ಬನ್ನು. ಬೆಣ್ಣೆ. ಹುಳಿಗೆ ಮಾವಿನಕಾಯಿ ಚಟ್ನಿ. ಎರಡು ಇಕ್ಕಳ, ಎರಡು ಚಾಕು, ಎರಡು ಬೆಣ್ಣೆ ಡಬ್ಬಿ.

ನಿನ್ನ ತಂದೆಯವರು ಐದು ಗಂಟೆಗೇ ಬಂದರು. ನೀನೂ ಗುರುವೂ ಚನ್ನಗಿರಿಯಿಂದ ಹೊರಟು ದಾರಿಯಲ್ಲಿ ಬೈಕು ಪಂಚರಾಗಿ ನಿಂತಿದ್ದಿರಿ. ಇವರು ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಎರಡು ಬಸ್ಸು ಹಿಡಿದು ಆ ಬಿಸಿಲಲ್ಲಿ. ಬಿಳಿ ಅಂಗಿ, ಹೆಗಲ ಮೇಲೆ ಅರ್ಧ ಚೀಲ ಈರುಳ್ಳಿ. 'ನಮ್ಮ ಕಡೇದು ತಾಯಿ, ಹಸೀದು ತಿನ್ನಾಕೆ ಚೆನ್ನಾಗಿರ್ತೈತೆ' ಅಂದರು. ಬೀಗಿತ್ತಿ ಅನ್ನಲಿಲ್ಲ ಅವರು ಎಂದೂ. ತಾಯಿ ಅನ್ನುತ್ತಿದ್ದರು. ನಾನೂ ತಿದ್ದಲಿಲ್ಲ. ಆ ಈರುಳ್ಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಎರಡೂ ಒಲೆಗೆ ಕೊಟ್ಟೆ. ಈರುಳ್ಳಿ ಕಾಂಪೌಂಡು ದಾಟಿ ಒಳಗೆ ಬಂತು. ತಂದವರು ಆಚೆ ಟಾರ್ಪಾಲಿನ ಕೆಳಗೆ ಕೂತರು. ಚೆಂಡುಹೂವು ನೋಡಿ, 'ಎಷ್ಟು ಚೆಂದ ಮಾಡೀರಿ' ಅಂದರು.

ಬಿಸಿಲಿಗೆ ಬಂದವರು, ಹಸಿದಿರುತ್ತಾರೆ, ನಿಮಗಾಗಿ ಕಾಯುವುದು ಬೇಡ ಅಂದುಕೊಂಡೆ. ಎರಡು ಬಿಲ್ಲೆಯನ್ನು ಕೆಂಡದ ಮೇಲೆ ಸುಟ್ಟು, ಬನ್ನು ಬಿಸಿ ಮಾಡಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಎದುರು ಬಂದು ನಿಂತೆ. ಕಾಂಪೌಂಡಿನ ಒಳಗಿನಿಂದ ಅಕ್ಕ, ನಿನ್ನ ಮಾವ, ಬೀದಿಯ ಇಬ್ಬರು ಹೆಂಗಸರು ನೋಡುತ್ತಿದ್ದರು. ಹಿಂದಿನ ಸಾಲಿನವರಿಗೂ ಕೇಳಿಸಬೇಕು ಎಂದು ನನ್ನಪ್ಪ ಪಳಗಿಸಿದ ಗಂಟಲಿದು. ಆ ಗಂಟಲಲ್ಲಿ ಹೇಳಿದೆ: 'ಬೀಗರೇ, ಮೂವತ್ತೈದು ವರ್ಷಕ್ಕೆ ಈ ಕೈ ಮಟನ್ ಮುಟ್ಟೈತೆ. ನಿಮಗೋಸ್ಕರ. ಇಲ್ಲ ಅನ್ನಬ್ಯಾಡ್ರಿ.'

ಅವರು ತಟ್ಟೆ ನೋಡಿದರು. ತೆಗೆದುಕೊಂಡರು. ತಿಂದರು. ನಿಧಾನಕ್ಕೆ, ಒಂದು ಚೂರೂ ಕೆಳಗೆ ಬೀಳದ ಹಾಗೆ. ನೀರು ಕೇಳಿದರು. ಇಷ್ಟವಾಯಿತು ಅಂದುಕೊಂಡು ನಾನು ಎರಡನೆಯದನ್ನೂ ಬಡಿಸಿದೆ. ಅದು ಕೈಯಲ್ಲಿ ಅರ್ಧ ಇರುವಾಗ ನಿಮ್ಮ ಬೈಕು ಬಂತು.

ಆಮೇಲಿನದು ನಿನಗೆ ಗೊತ್ತು. ಹೆಲ್ಮೆಟ್ ಕೂಡ ತೆಗೆಯದೆ ನೀನು ಅವರ ಕೈಯನ್ನು ಹಿಡಿದುಕೊಂಡೆ. 'ಅಪ್ಪಾ, ಏನು ತಿಂತಿದೀಯ?' ಅಂದೆ. ಅವರು ಕಣ್ಣಲ್ಲೇ ಬೇಡ ಅಂದರು. ನೀನು ಕೇಳಲಿಲ್ಲ. ನನ್ನ ಕಡೆ ತಿರುಗಿ ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. 'ನಮ್ಮಪ್ಪ ಮಾಂಸ ಬಿಟ್ಟು ಹನ್ನೊಂದು ವರ್ಷ ಆತು ಅತ್ತೆ. ಲೈನ್‌ಮನ್ ಇದ್ದಾಗ ಇವರ ಜೊತೆಗಾರ ಓಬಳೇಶ್ ಮಾವ ಕಂಬದ ಮೇಲೇ ಸುಟ್ಟೋದರು. ಇಳಿಸ್ಕಂಡು ಬಂದಿದ್ದು ಇವರೇ, ಹೆಗಲ ಮೇಲೆ. ಮಾಂಸ ಸುಡೋ ವಾಸನೆ ಬಂದ್ರೆ ರಸ್ತೆ ಬದಲಾಯಿಸ್ತಾರೆ ನಮ್ಮಪ್ಪ. ಕೇಳಬೌದಿತ್ತು ನೀವು. ನಾವು ಅಂದ್ರೆ ತಿಂದೇ ತಿಂತೀವಿ ಅಂತ ಹೆಂಗೆ ತಿಳ್ಕಂಡ್ರಿ? ಒಂದು ಮಾತು ಕೇಳಬೌದಿತ್ತು.'

ನನಗೆ ಗೊತ್ತಿರಲಿಲ್ಲ ಮಗಳೇ. ಅಂದೂ ಅದನ್ನೇ ಅಂದೆ. ನಾಟಕದವಳ ಗಂಟಲು ಅಂದು ಕೈಕೊಟ್ಟಿತು, ನನ್ನ ಮಾತು ನನಗೇ ಕೇಳಲಿಲ್ಲ. ನಿನ್ನ ತಂದೆಯವರೇ ಎದ್ದು ನನ್ನ ಪರವಾಗಿ ಮಾತಾಡಿದರು. 'ಅವರಿಗೆ ಗೊತ್ತಿರಲಿಲ್ಲ ಮಗಾ. ಪ್ರೀತಿಯಿಂದ ಕೊಟ್ಟಿದ್ದು. ಬಿಡು.' ಸೈಟಿನ ಮೂಲೆಯ ಜಾಲಿಯ ಹಿಂದೆ ಹೋಗಿ ಅವರು ಕಕ್ಕಿಕೊಂಡದ್ದನ್ನು ಎಲ್ಲರೂ ಕೇಳಿಸಿಕೊಂಡೆವು. ಬಂದು ಬಾಯಿ ಒರೆಸಿಕೊಂಡು, 'ಬಿಸಿಲಿಗೆ ತಾಯಿ, ಬ್ಯಾರೇನಿಲ್ಲ' ಅಂದರು. ನೀನು ಅವರನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಹೋದೆ. ಒಳಗಿನ ಒಲೆಯ ಮೇಲೆ ಬೀಟ್‌ರೂಟಿನ ಬಿಲ್ಲೆಗಳು ಹತ್ತಿ ಕಪ್ಪಾದವು. ಯಾರೂ ತಿರುವಿಹಾಕಲಿಲ್ಲ.

ಸಂಕ್ರಾಂತಿ ಕಳೆದ ವಾರ ನಿನ್ನ ತಂದೆಯವರು ಹೋದರು. ಮಲಗಿದವರು ಏಳಲಿಲ್ಲವಂತೆ. ಗುರು ಫೋನ್ ಮಾಡಿ, 'ಅಮ್ಮ, ನೀನು ಈಗ ಬರಬ್ಯಾಡ' ಅಂದ. ಆದರೂ ಹೊರಟೆ. ನಿನ್ನ ಮಾವನಿಗೂ ಹೇಳಲಿಲ್ಲ. ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಜಗಳೂರಿನ ಬಸ್ಸು ನಿಲ್ಲುವ ಕಡೆ ಹತ್ತು ಗಂಟೆಗೆ ಕೂತೆ. ಬಸ್ಸು ಬಂದವು, ಹೋದವು. ಕಂಡಕ್ಟರೊಬ್ಬ, 'ಯಾವ ಊರಿಗೆ ಯಜಮಾನಿ, ಬೆಳಗ್ಗಿಂದ ಕುಂತೀರಿ' ಅಂದ. ಜಗಳೂರು ಎಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ. ನಾಲ್ಕಕ್ಕೆ ಹೊನ್ನಾಳಿಯ ಬಸ್ಸು ಹತ್ತಿದೆ. ನಾಟಕದಲ್ಲಿ ಎಷ್ಟು ಹೆಣದ ಮುಂದೆ ಅತ್ತಿದ್ದೇನೆ ಗೊತ್ತೇ, ಕೂದಲು ಕೆದರಿಕೊಂಡು, ರಂಗ ನಡುಗುವ ಹಾಗೆ. ಅವತ್ತು ಕಿಟಕಿಯ ಪಕ್ಕ ಕೂತು ಒಂದು ಹನಿ ಬರಲಿಲ್ಲ.

ನೀನು ನನ್ನನ್ನು ಕ್ಷಮಿಸು ಅಂತ ಕೇಳುವಷ್ಟು ದೊಡ್ಡ ಬಾಯಿ ನನಗಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಹನ್ನೊಂದು ತಿಂಗಳು ಸಾಲದಿದ್ದರೆ ಇನ್ನಷ್ಟು ಕಾಯುತ್ತೇನೆ. ಮೇ ಒಂದಕ್ಕೆ ಮಾತ್ರ ಬಾ ಅನ್ನು. ಗುರುವಿನ ಕೈಯಲ್ಲಿ ಹೇಳಿಕಳಿಸಿದರೂ ಸಾಕು. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತೇನೆ.

ಡ್ಯೂಟಿಯ ನಡುವೆ ಹೊತ್ತಿಗೆ ಸರಿಯಾಗಿ ಉಣ್ಣು. ಗುರುವಿನ ಬೆನ್ನುನೋವಿಗೆ ಎಣ್ಣೆ ಕಳಿಸಿದ್ದೇನೆ, ಅವನಾಗಿ ಹಚ್ಚಿಕೊಳ್ಳುವವನಲ್ಲ.

ಇಂತಿ, ನಿನ್ನನ್ನು ಸೊಸೆ ಎಂದು ಒಂದು ದಿನವೂ ಕರೆಯದ, ಕರೆಯಲು ಇಷ್ಟವಿಲ್ಲದ,
ಅತ್ತೆ
ಪುಷ್ಪಾವತಿ

ಮರೆತ ಮಾತು: ಮೇಲಿನದನ್ನು ನಿನ್ನೆ ಬರೆದು ಕವರು ಅಂಟಿಸಿದ್ದೆ. ಇವತ್ತು ಸೋಮವಾರ, ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸ್ಸು ಬಂದು ಬಿಚ್ಚಿದೆ. ಹರಿದು ಹೊಸದಾಗಿ ಬರೆಯಬಹುದಿತ್ತು. ಬೇಡ. ನಾನು ಎಷ್ಟು ಚೆನ್ನಾಗಿ ಆಡಬಲ್ಲೆ ಎಂದು ನೀನು ನೋಡಬೇಕು.

ಮರೆತಿರಲಿಲ್ಲ, ಅದೂ ಸುಳ್ಳು.

ಮೇ ಹತ್ತನೇ ತಾರೀಖು, ಶನಿವಾರ ಬೆಳಗ್ಗೆ, ನಿನ್ನ ತಂದೆಯವರು ನನಗೆ ಫೋನ್ ಮಾಡಿದ್ದರು. ಬೀದಿಯವರಿಗೆಲ್ಲ ಸಾರಿದ್ದು ಅವರಿಗೂ ಹೇಗೋ ಮುಟ್ಟಿತ್ತು. 'ತಾಯಿ, ನಂಗೋಸ್ಕರ ಮಟನ್ ಮಾಡಾಕೆ ಹೋಗಬ್ಯಾಡ್ರಿ. ನಾನು ಬಿಟ್ಟು ಬಾಳ ವರ್ಷ ಆತು. ನಿಮ್ಮ ಒಲೀ ಮ್ಯಾಲೆ ಒಂದು ಆಲೂಗಡ್ಡೇದು ಇಟ್ಟರೆ ಸಾಕು' ಅಂದರು. ಆಗಲಿ ಬೀಗರೇ ಅಂದೆ. ನಿರ್ಮಲಕ್ಕ ಪಕ್ಕದಲ್ಲೇ ಕೂತು ಕಾಳು ಬಿಡಿಸುತ್ತಿದ್ದರು. ಏನಂತೆ ಅಂದರು, ಹೇಳಿದೆ. 'ಅಂದ್ರೆ ಒಳಗೆ ಬಂದು ನಮ್ಮ ಸಾಲಿನಾಗೆ ಕೂಡ್ತಾರಾ? ಆಗ್ಲಿ ಬಿಡು. ನಾನು ಸಂಜೆ ಉಪಾಸ ಇದ್ದು ಬೆಳಿಗ್ಗೆ ಹೋಗ್ತೀನಿ. ನಿನ್ನ ಮನೆ, ನಿನ್ನ ಬೀಗರು.' ಅಷ್ಟೇ ಅಂದದ್ದು. ಕಾಳು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

ಮಟನ್ ಇದ್ದರೆ ಅವರು ಆಚೆ ಕೂರಲು ಮರ್ಯಾದೆಯ ಒಂದು ಕಾರಣ ಇತ್ತು. ಮಟನ್ ಇಲ್ಲದಿದ್ದರೆ ಯಾವ ಕಾರಣವೂ ಇರಲಿಲ್ಲ. ಮೂವತ್ತೈದು ವರ್ಷ ಕಷ್ಟಪಟ್ಟು ಗಳಿಸಿದ ಸಾಲಿನ ಜಾಗ ನನಗೆ ದೊಡ್ಡದಾಯಿತು. ಎಲ್ಲರ ಎದುರಿಗೆ ತಟ್ಟೆ ಹಿಡಿದರೆ ಅವರೇ ಬೇಡ ಅನ್ನುತ್ತಾರೆ, ಆಗ ಅಯ್ಯೋ ಎಂದು ಒಳಗಿನಿಂದ ಬೇರೆ ತಟ್ಟೆಯಲ್ಲಿ ಆಲೂಗಡ್ಡೆಯದನ್ನು ತಂದು ಅಲ್ಲೇ ಕೊಡೋಣ, ಇಬ್ಬರ ಮಾನವೂ ಉಳಿಯುತ್ತದೆ, ಎಂದು ಲೆಕ್ಕ ಹಾಕಿದ್ದೆ. ಅವರು ಬೇಡ ಅನ್ನಲಿಲ್ಲ. ಅನ್ನದ ಹಾಗೆ ಬಾಯಿ ಕಟ್ಟಿದವಳೂ ನಾನೇ. ಮಗಳು ಬಾಳುವ ಮನೆ ಎಂದು ಅವರು ತಿಂದರು. ನನಗೆ ಗೊತ್ತಿತ್ತು ಎಂದು ತಿಳಿದೇ ತಿಂದರು. ನಿನಗೆ ಕಡೆಯ ತನಕ ಹೇಳಲಿಲ್ಲ.

ಇದನ್ನು ಓದಿದ ಮೇಲೂ ಬಾ ಅನ್ನುವುದಾದರೆ ಬರುತ್ತೇನೆ. ಅನ್ನದಿದ್ದರೆ ಇನ್ನು ಕೇಳುವುದಿಲ್ಲ.

ಇನ್ನೂ ಒಂದು ಉಳಿದಿದೆ. ಮೊದಲನೆಯದು ಮುಗಿದಾಗ ಅವರು ನನ್ನ ಮುಖ ನೋಡಿದರು. ಕಾಂಪೌಂಡಿನ ಒಳಗಿನವರಿಗೆ ಕೇಳದ ಹಾಗೆ, ಮೆಲ್ಲಗೆ, 'ಇಷ್ಟು ತಿಂದ್ರೆ ಸಾಕಾ ತಾಯಿ?' ಎಂದು ಕೇಳಿದರು. ಅಕ್ಕ ನೋಡುತ್ತಿದ್ದರು. ನಾನು ಎರಡನೆಯದನ್ನು ಬಡಿಸಿದೆ.